ಬುರುಡೆ ಅಕ್ಕನ ಹನ್ನೆರಡು ಹುಡುಗಿಯರು ಮತ್ತು ಒಬ್ಬ ಸಾಹೇಬರು

ರಶ್ಮಿಗೆ ಕೆಲಸ ಸಿಕ್ಕಿದೆ. ಮೈಸೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಈಜು ಕಲಿಸುವುದು. ನೀಲಿ ಟೈಲ್ಸ್ ಹಾಕಿದ ಕೊಳವಂತೆ, ತಳದಲ್ಲಿ ಬಿದ್ದ ಹೇರ್‌ಪಿನ್ನು ಮೇಲಿನಿಂದಲೇ ಕಾಣುತ್ತದಂತೆ, ಕುತ್ತಿಗೆಗೆ ಒಂದು ಸೀಟಿಯನ್ನೂ ಕೊಡುತ್ತಾರಂತೆ. ಹೋದ ಭಾನುವಾರ ಬಂದವಳು ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು.

"ಅಜ್ಜಿ, ನೀನು ಜನ್ಮವಿಡೀ ಇದೇ ಕೆಲಸ ಮಾಡಿದ್ದೀಯ. ನನಗೆ ನಾಲ್ಕು ಮಾತು ಹೇಳು."

"ಹೊಟ್ಟೆ ತುಂಬ ಉಂಡವರನ್ನ ನೀರಿಗೆ ಇಳಿಸಬೇಡ" ಅಂದೆ.

ಅದು ಐದು ಮಾತಾಯಿತು. ಅವಳು ಇನ್ನೂ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಳು. ನಾನು ಎದ್ದು ಹೋಗಿ ಕಾಫಿಗೆ ನೀರಿಟ್ಟೆ.

ಎದುರಿಗೆ ಕೂತು ನನ್ನ ಬಗ್ಗೆ ನಾನೇ ಮಾತಾಡುವುದು ನನಗೆ ಬರುವುದಿಲ್ಲ. ನಿಮಗೆಲ್ಲ ಗೊತ್ತಿರುವ ವಿಷಯವೇ. ಅದಕ್ಕೆ ಈ ನೋಟುಪುಸ್ತಕದಲ್ಲಿ ಬರೆಯುತ್ತಿದ್ದೇನೆ. ರಶ್ಮಿ ಮೊದಲು ಓದಲಿ, ಆಮೇಲೆ ಉಳಿದ ಮೊಮ್ಮಕ್ಕಳು ಓದಿ. ನಗುವುದಿದ್ದರೆ ನಾನಿಲ್ಲದ ಕಡೆ ಹೋಗಿ ನಗಿ. ಇದರಲ್ಲಿ ಬಡ್ತಿ, ಸನ್ಮಾನ ಅಂತೆಲ್ಲ ಹುಡುಕಬೇಡಿ. ನನಗೆ ಸಿಕ್ಕ ಬಡ್ತಿ ಒಂದೇ. ಸೌಟು ಕೆಳಗಿಟ್ಟು ಸೋರೆಬುರುಡೆ ಹಿಡಿದದ್ದು.

ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ಗದ್ದೆ ಮುಗಿದ ಕಡೆ ಕಾವೇರಿ. ನಾನು ಓದಿದ್ದು ನಾಲ್ಕನೇ ಕ್ಲಾಸು. ನಮ್ಮೂರ ಶಾಲೆ ಇದ್ದದ್ದೇ ಅಲ್ಲಿಯವರೆಗೆ. ಈಜು ಕಲಿತದ್ದು ಒಂದು ಎಮ್ಮೆಯಿಂದ. ಅದನ್ನು ಆಚೆ ದಡಕ್ಕೆ ಮೇಯಲು ಹೊಡೆಯುವಾಗ ಅಪ್ಪ ಬಾಲ ನನ್ನ ಕೈಗೆ ಕೊಟ್ಟು, "ಬಿಡಬೇಡ ಕಣವ್ವ" ಅನ್ನುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಒಂದು ದಿನ ನಡುನೀರಿನಲ್ಲಿ ಎಮ್ಮೆಗೆ ಏನು ಸಿಟ್ಟು ಬಂತೋ, ಬಾಲ ಕೊಡವಿ ಹೊರಟೇ ಹೋಯಿತು. ಅಳಬೇಕು ಅಂತ ನಾನು ತೀರ್ಮಾನ ಮಾಡುವಷ್ಟರಲ್ಲಿ ಆಚೆ ದಡ ಬಂದಿತ್ತು. ನನ್ನ ತರಬೇತಿ ಅಷ್ಟೆ.

ನಿಮ್ಮ ತಾತ ಅರಸೀಕೆರೆ ಕಡೆಯವರು. ಹೊಳೆದಂಡೆಯ ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯೊಂದರಲ್ಲಿ ತೋಟದ ಕೆಲಸಕ್ಕಿದ್ದರು. ಮದುವೆಯಾದ ಮೇಲೆ ನಾನು ಅಲ್ಲೇ ಅಡುಗೆಮನೆಗೆ ಸೇರಿಕೊಂಡೆ. ಆಗ ಕೊಡಗು ತಾನೇ ಒಂದು ರಾಜ್ಯ, ಮಡಿಕೇರಿಯೇ ರಾಜಧಾನಿ. ಇದರಿಂದ ನಮಗಿದ್ದ ತೊಂದರೆ ಏನೆಂದರೆ, ಶಾಲೆ ತಪಾಸಣೆಯ ಸಾಹೇಬರು ಎಲ್ಲೋ ದೂರದಿಂದ ಬರುತ್ತಿರಲಿಲ್ಲ. ಬೆಳಿಗ್ಗೆ ತಿಂಡಿ ತಿಂದು ಜೀಪು ಹತ್ತಿದರೆ ಮಧ್ಯಾಹ್ನದ ಸಾರು ಕುದಿಯುವ ಮೊದಲೇ ನಮ್ಮ ತಲೆಯ ಮೇಲೆ ಇರುತ್ತಿದ್ದರು.

ಬೋರ್ಡಿಂಗಿನಲ್ಲಿ ಕಕ್ಕಬೆ, ಮಾದಾಪುರ, ಗೋಣಿಕೊಪ್ಪಲು ಎಲ್ಲ ಕಡೆಯ ಹುಡುಗಿಯರೂ ಇದ್ದರು. ಒಬ್ಬಳದು ಕೊಡವ ಭಾಷೆ, ಒಬ್ಬಳದು ಅರೆಭಾಷೆ, ಇನ್ನೊಬ್ಬಳದು ಮಲಯಾಳ. ಜಗಳ ಬಂದರೆ ಮೂರೂ ಒಟ್ಟಿಗೆ ಕೇಳಿಸುತ್ತಿದ್ದವು. ನೀರಿಗೆ ಇಳಿಸಿದ ದಿನ ಮಾತ್ರ ಎಲ್ಲರದೂ ಒಂದೇ ಭಾಷೆಯಾಯಿತು: "ಅಯ್ಯಯ್ಯೋ!"

ಶಾಲೆಗೆ ದೊಡ್ಡವರು ಪೂವಮ್ಮ ಟೀಚರ್. ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಕೊಡೆ, ಈ ದಡದಲ್ಲಿ ಮಾತಾಡಿದರೆ ಆ ದಡದ ದನ ತಲೆ ಎತ್ತುವಂಥ ಗಂಟಲು. ಒಂದು ಬೆಳಿಗ್ಗೆ ನಾನು ಹೊಳೆಯ ಮೆಟ್ಟಿಲ ಮೇಲೆ ಪಾತ್ರೆ ತೊಳೆಯುತ್ತಿದ್ದಾಗ ಅನ್ನದ ಹಂಡೆಯ ಮುಚ್ಚಳ ಕೈಜಾರಿ ದೋಣಿಯ ಹಾಗೆ ಹೊರಟಿತು. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಸೀರೆ ಎತ್ತಿ ಕಚ್ಚೆ ಹಾಕಿಕೊಂಡು ಹಾರಿದೆ. ಮುಚ್ಚಳ ಹಿಡಿದು, ಎರಡು ಕೈಯೂ ಈಜಲು ಬೇಕಲ್ಲ ಅಂತ ಅದನ್ನು ಟೋಪಿಯ ಹಾಗೆ ತಲೆಗೆ ಹಾಕಿಕೊಂಡು ವಾಪಸು ಬಂದೆ. ಮೆಟ್ಟಿಲಿನ ಮೇಲೆ ಕೊಡೆ ಊರಿಕೊಂಡು ಪೂವಮ್ಮ ಟೀಚರ್ ನಿಂತಿದ್ದರು.

ನಾನು ಮುಚ್ಚಳ ತೆಗೆಯುವುದನ್ನೂ ಮರೆತೆ.

"ಎಲ್ಲಿ ಕಲಿತೆ?"

"ಎಮ್ಮೆ ಹತ್ರ, ಟೀಚರ್."

"ಆ ಎಮ್ಮೆ ಈಗ ಎಲ್ಲಿದೆ?"

"ಸತ್ತುಹೋಯ್ತು, ಟೀಚರ್."

"ಹಾಗಾದರೆ ನೀನೇ ಗತಿ. ನಾಳೆಯಿಂದ ಮಕ್ಕಳಿಗೆ ಈಜು ಕಲಿಸು."

ಅದಕ್ಕೊಂದು ಕಾರಣವಿತ್ತು. ಅದರ ಹಿಂದಿನ ಮಳೆಗಾಲದಲ್ಲಿ ಬಟ್ಟೆ ಒಗೆಯಲು ಹೋದ ಹುಡುಗಿಯೊಬ್ಬಳು ಕಾಲು ಜಾರಿ ಕೊಚ್ಚಿಹೋಗಿ, ಬಿದಿರು ಮೆಳೆಗೆ ಸಿಕ್ಕಿಕೊಂಡು ಹೇಗೋ ಬದುಕಿದ್ದಳು. ಆಮೇಲೆ ಮಡಿಕೇರಿಯಿಂದ ಕಾಗದ ಬಂತು. ಮೆಟ್ಟಿಲಿಗೆ ಅಡ್ಡಲಾಗಿ ಮುಳ್ಳುತಂತಿ ಹಾಕಿ, ಮಕ್ಕಳನ್ನು ಹೊಳೆಯ ಕಡೆ ಬಿಡಬೇಡಿ ಅಂತ. ಪೂವಮ್ಮ ಟೀಚರ್ ಕೆಂಡವಾದರು. "ತಂತಿ ಹಾಕಿದರೆ ಹೊಳೆ ಎದ್ದು ಹೋಗುತ್ತದೇನು? ಈ ಕುಂಞಿಗಳು ಮನೆಗೆ ಹೋದರೂ ತೋಡು, ಹೊಳೆ, ಕೆರೆ ದಾಟಿಯೇ ಬದುಕಬೇಕು" ಅಂತ. ಕುಂಞಿ ಅಂದರೆ ಅವರ ಭಾಷೆಯಲ್ಲಿ ಮಗು. ಅವರು ಬರೆದು ಬರೆದು ಒಂದು ಬೇಸಿಗೆಯ ವಾಯಿದೆ ತಂದರು. ಹನ್ನೆರಡು ಹುಡುಗಿಯರ ಪಟ್ಟಿ. ಬೇಸಿಗೆಯ ಕೊನೆಗೆ ಸಾಹೇಬರು ಬಂದು ನೋಡುತ್ತಾರೆ. ಮೆಟ್ಟಿಲಿನಿಂದ ಆನೆಬಂಡೆಯವರೆಗೆ ಹನ್ನೆರಡು ಮಂದಿಯೂ ತಾವಾಗಿ ಈಜಿದರೆ ಈಜು ಉಳಿಯುತ್ತದೆ, ಕಲಿಸಲು ನಾನೂ ಉಳಿಯುತ್ತೇನೆ. ಒಬ್ಬಳು ತಪ್ಪಿದರೂ ಮುಳ್ಳುತಂತಿ. ಆನೆಬಂಡೆ ಅಂದರೆ ಹೊಳೆಯ ನಡುವೆ ಆನೆ ಮಲಗಿದ ಹಾಗಿರುವ ಕಲ್ಲು. ಮಧ್ಯದ ಮಡುವಿನಲ್ಲಿ ಎರಡಾಳುದ್ದ ನೀರು.

ನಾನು ಆಗುವುದಿಲ್ಲ ಅಂದೆ. ಮುಚ್ಚಳ ತರುವುದು ಬೇರೆ. ದಿನಾ ಎಲ್ಲರ ಕಣ್ಣೆದುರು ಒದ್ದೆ ಸೀರೆಯಲ್ಲಿ ನಿಂತು, ಅದೂ ಗಟ್ಟಿಯಾಗಿ ಮಾತಾಡಿ ಕಲಿಸುವುದೆಂದರೆ! ಮನೆಗೆ ಬಂದು ಅತ್ತುಬಿಟ್ಟೆ. ನಿಮ್ಮ ತಾತ ಗುದ್ದಲಿ ಗೋಡೆಗೆ ಒರಗಿಸಿ ನನ್ನ ಪಕ್ಕ ಕೂತರು.

"ನೀನು ಇಳಿ. ನಾನು ದಡದ ಮೇಲೆ ಹಗ್ಗ ಹಿಡ್ಕೊಂಡು ನಿಂತಿರ್ತೀನಿ. ಯಾರಿಗೆ ಏನಾದ್ರೂ ಆಯ್ತು ಅನ್ನು, ಧುಮುಕೇಬಿಡ್ತೀನಿ."

"ನಿಮಗೆ ಈಜು ಬರುತ್ತಾ?"

"ನಮ್ಮೂರ ಕೆರೇನ ದಿನಕ್ಕೆ ಮೂರು ಸಲ ದಾಟ್ತಿದ್ದವನು ನಾನು."

ಮಾರನೆಯ ದಿನದಿಂದ ಹೆಗಲಿಗೆ ತೆಂಗಿನ ನಾರಿನ ಹಗ್ಗದ ಸುರುಳಿ ಹಾಕಿಕೊಂಡು ಅವರು ಬಿದಿರು ಮೆಳೆಯ ಹತ್ತಿರ ನಿಂತರು. ನೀರಿಗೆ ಇಳಿಯುವ ಮೊದಲು ಒಮ್ಮೆ, ಮಡುವಿನ ಮಧ್ಯೆ ಒಮ್ಮೆ ತಿರುಗಿ ನೋಡುತ್ತಿದ್ದೆ. ಅವರು ಕತ್ತು ಆಡಿಸುತ್ತಿದ್ದರು. ಆ ಒಂದು ತಲೆಯಾಡಿಕೆ ಇರದಿದ್ದರೆ ನಾನು ಮೂರನೇ ಮೆಟ್ಟಿಲು ದಾಟುತ್ತಿರಲಿಲ್ಲ.

ಮೊದಲನೆಯ ದಿನ ನಾನು ಮಾಡಿದ ಎಡವಟ್ಟು ಬರೆಯಲೇಬೇಕು. ಸೋರೆಬುರುಡೆಯನ್ನು ಬೆನ್ನಿಗೆ, ರೆಕ್ಕೆಮೂಳೆಯ ಕೆಳಗೆ ಕಟ್ಟಬೇಕು. ನಾನು ಸೊಂಟದ ಕೆಳಗೆ ಕಟ್ಟಿದೆ. ನಾಲ್ವರು ಹುಡುಗಿಯರು ನೀರಿಗೆ ಇಳಿದವರೇ ತಲೆ ಕೆಳಗೆ, ಕಾಲು ಮೇಲೆ! ಲಂಗಗಳು ನಾಲ್ಕು ಕೊಡೆಗಳ ಹಾಗೆ ಅರಳಿಕೊಂಡವು. ನಾನು ಒಬ್ಬಳನ್ನು ನೆಟ್ಟಗೆ ಮಾಡುವಷ್ಟರಲ್ಲಿ ಇನ್ನೊಬ್ಬಳು ಮಗುಚುತ್ತಿದ್ದಳು. ಪೂವಮ್ಮ ಟೀಚರ್ ದಡದಿಂದ, "ಇದು ಯಾವ ತರಹದ ಈಜು?" ಅಂತ ಕೂಗಿದರು. "ಬಾತುಕೋಳಿ ಈಜು, ಟೀಚರ್" ಅಂತ ಗೋಣಿಕೊಪ್ಪಲಿನ ಹುಡುಗಿ ನೀರು ಉಗುಳುತ್ತ ಹೇಳಿದಳು. ಅವತ್ತಿನಿಂದ ನಾನು ಬುರುಡೆ ಅಕ್ಕ. ಎರಡನೆಯ ದಿನದಿಂದ ಲಂಗಕ್ಕೆಲ್ಲ ಕಚ್ಚೆ.

ಟೀಚರಿಗೆ ನನ್ನ ಮೇಲೆ ನಂಬಿಕೆ ಅಲುಗಾಡಿ, ಎಲ್ಲಿಂದಲೋ ಒಂದು ಇಂಗ್ಲಿಷ್ ಪುಸ್ತಕ ತರಿಸಿದರು. ಅದರ ಪ್ರಕಾರ ಮಕ್ಕಳು ಮೊದಲು ಬೆಂಚಿನ ಮೇಲೆ ಬೋರಲು ಮಲಗಿ ಕೈಕಾಲು ಆಡಿಸಬೇಕು. ಊಟದ ಹಾಲಿನಲ್ಲಿ ಹನ್ನೆರಡು ಬೆಂಚು, ಹನ್ನೆರಡು ಕಪ್ಪೆ. ಟೀಚರ್ ಓದುವುದು, ಇವರು ಒದೆಯುವುದು. ಮೂರನೇ ದಿನ ಒಂದು ಬೆಂಚಿನ ಕಾಲು ಮುರಿಯಿತು. ಕೊಡಗಿನಲ್ಲಿ ನೆಲದ ಮೇಲೆ ಮುಳುಗಿದ ಮೊದಲ ಹುಡುಗಿ ಅವಳೇ ಇರಬೇಕು. ಆದರೂ ಆ ಪುಸ್ತಕದಿಂದ ಒಂದು ಒಳ್ಳೆಯದಾಯಿತು, ರಶ್ಮಿ. ಉಸಿರು ಬಾಯಲ್ಲಿ ಎಳೆದು ನೀರೊಳಗೆ ಮೂಗಿನಲ್ಲಿ ಬಿಡುವುದನ್ನು ನಾನು ಅದರಿಂದಲೇ ಕಲಿತದ್ದು. ಎಮ್ಮೆ ಅದನ್ನು ಹೇಳಿಕೊಟ್ಟಿರಲಿಲ್ಲ.

ಇನ್ನು ನನ್ನದೇ ವಿದ್ಯೆ. ಇದನ್ನು ಗಮನವಿಟ್ಟು ಓದು. ಒಣಗಿದ ಸೋರೆಬುರುಡೆ ಮಗುವನ್ನು ತೇಲಿಸುವುದು ಅದರೊಳಗಿನ ಗಾಳಿಯಿಂದ. ನಾನು ಪ್ರತಿ ಬುರುಡೆಯ ಕತ್ತಿನ ಹತ್ತಿರ ಒಂದು ತೂತು ಮಾಡಿ ಹಲಸಿನ ಮೇಣದಿಂದ ಮುಚ್ಚುತ್ತಿದ್ದೆ. ಮಗುವಿಗೆ ಕೈಕಾಲಿನ ಹದ ಬಂದ ಮೇಲೆ, ದಿನಾ ಯಾರೂ ಇಲ್ಲದಾಗ ಮೇಣ ತೆಗೆದು ಒಂದು ಲೋಟ ನೀರು ಒಳಗೆ ಹೊಯ್ಯುತ್ತಿದ್ದೆ. ದಿನ ಹೋದ ಹಾಗೆ ಗಾಳಿ ಕಡಿಮೆ, ನೀರು ಹೆಚ್ಚು. ಬುರುಡೆ ಪೂರಾ ತುಂಬಿದ ದಿನ ಅದು ತೇಲಿಸುವುದೂ ಇಲ್ಲ, ಎಳೆಯುವುದೂ ಇಲ್ಲ. ಮಗು ತಾನೇ ಈಜುತ್ತಿರುತ್ತದೆ, ಬುರುಡೆ ಈಜಿಸುತ್ತಿದೆ ಅಂದುಕೊಂಡಿರುತ್ತದೆ. ಕೈಯಲ್ಲಿ ಎತ್ತಿದರೆ ಭಾರಕ್ಕೆ ಗುಟ್ಟು ರಟ್ಟಾಗುತ್ತದಲ್ಲ, ಅದಕ್ಕೆ ಬುರುಡೆಗಳನ್ನು ಮೆಟ್ಟಿಲಿನ ಬಳಿ ನೀರಿನಲ್ಲೇ ಕಟ್ಟಿಡುತ್ತಿದ್ದೆ. "ಒಣಗಿದರೆ ಬಿರಿಯುತ್ತವೆ, ಯಾರೂ ಮೇಲೆ ಎತ್ತಬಾರದು, ನೀರಲ್ಲೇ ನಾನು ಕಟ್ಟುತ್ತೇನೆ" ಅಂತ ಕಟ್ಟಪ್ಪಣೆ.

ತುಂಬಿದ ಬುರುಡೆಯಲ್ಲಿ ಒಂದು ವಾರ ಈಜಿದವಳನ್ನು ಬಿದಿರು ಮೆಳೆಯ ಹಿಂದೆ ಕರೆದುಕೊಂಡು ಹೋಗಿ, ಮೇಣ ತೆಗೆದು, ಬುರುಡೆಯ ನೀರನ್ನು ಅವಳ ತಲೆಯ ಮೇಲೇ ಸುರಿಯುತ್ತಿದ್ದೆ. ಕಣ್ಣು ಎಷ್ಟಗಲ ಆಗುತ್ತಿತ್ತು ಗೊತ್ತಾ! ಆಮೇಲೆ ಕಾವೇರಮ್ಮನ ಮೇಲೆ ಆಣೆ. ಉಳಿದವರಿಗೆ ಹೇಳಬಾರದು. ಹೀಗೆ ಒಬ್ಬೊಬ್ಬಳೇ ಗುಟ್ಟಿನ ಗುಂಪಿಗೆ ಸೇರಿ, ಕಾಫಿ ಹೂವರಳಿಸುವ ಹೂಮಳೆ ಬೀಳುವ ಹೊತ್ತಿಗೆ ಹನ್ನೊಂದು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ ಅನ್ನುವವರಾದರು. ಉಳಿದವಳು ಮುತ್ತವ್ವ.

ಮುತ್ತವ್ವ ಕಕ್ಕಬೆಯವಳು, ಹನ್ನೊಂದು ವರ್ಷ. ಅವಳ ಮನೆಯ ಏಲಕ್ಕಿ ತೋಟದಲ್ಲಿ ಆನೆ ಬಂದರೆ ತಗಡು ಬಡಿದು ಓಡಿಸುವವಳು ಅವಳೇ ಅಂತೆ. ಜಿಗಣೆ ಕಿತ್ತು ಲೆಕ್ಕ ಹೇಳುತ್ತಿದ್ದಳು. ನೀರು ಕಂಡರೆ ಮಾತ್ರ ಬುರುಡೆಯ ಹಗ್ಗ ಕೈಬಿಡುತ್ತಿರಲಿಲ್ಲ. ಒಮ್ಮೆ ಮಡುವಿನಲ್ಲಿ ಬುರುಡೆಯ ಕಟ್ಟು ಸಡಿಲವಾಗಿ ಜಾರಿದ್ದೇ ತಡ, ಕೈಕಾಲು ಕಟ್ಟಿ ಹಾಕಿದ ಹಾಗೆ ನಿಂತು ಮುಳುಗಿಯೇಬಿಟ್ಟಿದ್ದಳು. ನಾನು ಜಡೆ ಹಿಡಿದು ಎತ್ತಿದೆ. ಆಗ ಅವಳಿಗೆ ಚೆನ್ನಾಗಿ ಈಜು ಬರುತ್ತಿತ್ತು, ಆದರೆ ಅವಳಿಗೆ ಹಾಗಂತ ಯಾರು ಹೇಳುವುದು?

"ನನ್ನನ್ನ ಬೇಕಾದ್ರೆ ಆನೆ ಮುಂದೆ ನಿಲ್ಲಿಸಿ ಅಕ್ಕ, ನಿಲ್ತೀನಿ. ಬುರುಡೆ ಇಲ್ಲದೆ ನೀರಿಗೆ ಬರಲ್ಲ."

ಅವಳ ಬುರುಡೆ ತುಂಬಿ ವಾರ ಕಳೆದರೂ ನನಗೆ ತೆರೆದು ತೋರಿಸಲು ಧೈರ್ಯ ಬರಲಿಲ್ಲ. ತಿಳಿದ ಮೇಲೆ ಹೆದರಿ ಪೂರಾ ಬಿಟ್ಟುಬಿಟ್ಟರೆ? ನಾಳೆ ಮಾಡೋಣ, ನಾಳಿದ್ದು ಮಾಡೋಣ ಅಂತ ಎಂಟು ದಿನ ತಳ್ಳಿದೆ. ಇದು ನನ್ನ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು. ಒಂಬತ್ತನೆಯ ದಿನ ಬೆಳಿಗ್ಗೆ ತೋರಿಸಿಯೇ ಬಿಡುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿಕೊಂಡು ಹೊಳೆಗೆ ಬಂದರೆ, ಮೆಟ್ಟಿಲಿನ ಹತ್ತಿರ ಜೀಪು ನಿಂತಿತ್ತು. ಸಾಹೇಬರು ಒಂದು ವಾರ ಮೊದಲೇ ಬಂದಿದ್ದರು.

ಸಾಹೇಬರು ದೊಡ್ಡ ಆಳು. ಟೈ, ಬೂಟು, ಹೆಗಲ ಮೇಲಿಂದ ಪ್ಯಾಂಟು ಹಿಡಿದಿರುವ ಪಟ್ಟಿ, ಮತ್ತು ಒಂದು ಕೂದಲೂ ಇಲ್ಲದ ನುಣುಪಾದ ತಲೆ. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು.

"ಇವರ ಕ್ವಾಲಿಫಿಕೇಷನ್?"

"ಹೊಳೆ ಸಾರ್" ಅಂದರು ಪೂವಮ್ಮ ಟೀಚರ್.

ಶುರುವಾಯಿತು. ಹನ್ನೊಂದು ಹುಡುಗಿಯರು ಒಬ್ಬರ ಹಿಂದೆ ಒಬ್ಬರು, ಬುರುಡೆ ಇಲ್ಲದೆ, ಆನೆಬಂಡೆ ಮುಟ್ಟಿ ವಾಪಸು ಬಂದರು. ಸಾಹೇಬರು ಒಂದೊಂದು ಹೆಸರಿಗೂ ಗುರುತು ಹಾಕಿದರು. ನನಗೆ ದಡದ ಬಿದಿರೆಲ್ಲ ನನ್ನ ಜೊತೆ ಕುಣಿಯುತ್ತಿದೆ ಅನ್ನಿಸಿತು. ಆಮೇಲೆ ಮುತ್ತವ್ವನ ಹೆಸರು ಕೂಗಿದರು. ಅವಳು ಎರಡನೇ ಮೆಟ್ಟಿಲಿನ ಮೇಲೆ, ಮೊಣಕಾಲು ನೀರಿನಲ್ಲಿ, ಬುರುಡೆಯ ಹಗ್ಗ ಹಿಡಿದುಕೊಂಡು ನಿಂತಿದ್ದಳು.

"ಬುರುಡೆ ಬಿಡಮ್ಮ" ಅಂದರು ಸಾಹೇಬರು.

"ಬಿಡಲ್ಲ ಸಾರ್."

"ಬುರುಡೆ ಕಟ್ಕೊಂಡು ಈಜೋದು ಈಜಲ್ಲ."

"ಬಿಟ್ಟು ಈಜಿದ್ರೆ ನಾನು ಇರೋದೇ ಇಲ್ಲ ಸಾರ್."

ಟೀಚರ್ ನಡುವೆ ಬಂದರು. "ಸಾರ್, ಬುರುಡೆ ಇದ್ದರೂ ಕೈಕಾಲು ಆಡಿಸುವುದು ಮಗುವೇ."

"ಏನು ಮೇಡಂ, ಬುರುಡೆ ಕಟ್ಟಿದರೆ ನಮ್ಮ ಆಫೀಸಿನ ಮೇಜೂ ತೇಲುತ್ತೆ. ಕೈ ಆಡಿಸಬೇಕಾಗಿಲ್ಲ, ಕಾಲು ಆಡಿಸಬೇಕಾಗಿಲ್ಲ."

"ತಾವೇ ಇಳಿದು ನೋಡಿ ಹಾಗಾದರೆ!"

ಟೀಚರ್ ಕೋಪಕ್ಕೆ ಆಡಿದ ಮಾತು. ಆದರೆ ಸಾಹೇಬರು ಕೋಟು ಬಿಚ್ಚಿದರು. ಗಡಿಯಾರ ಬಿಚ್ಚಿದರು. ಬೂಟು, ಕಾಲುಚೀಲ ಬಿಚ್ಚಿ ಸಾಲಾಗಿ ಇಟ್ಟರು. "ಈಗ ತೋರಿಸ್ತೀನಿ" ಅಂತ ಎರಡನೇ ಮೆಟ್ಟಿಲಿಗೆ ಇಳಿದು, ಮುತ್ತವ್ವನ ಕೈಯಿಂದ ಹಗ್ಗ ತೆಗೆದುಕೊಂಡು, ನೀರಿನಲ್ಲೇ ಇದ್ದ ಬುರುಡೆಯನ್ನು ಹತ್ತಿರಕ್ಕೆ ಎಳೆದು, ತಾವೂ ನೀರಿನಲ್ಲೇ ಕೂತು, ಎದೆಗೆ ಸುತ್ತಿ ಕಟ್ಟಿಕೊಂಡರು.

ಅದು ತುಂಬಿದ ಬುರುಡೆ. ಹೇಳಬೇಕು. ಹೇಳಿದರೆ ಮುತ್ತವ್ವನಿಗೆ ಗೊತ್ತಾಗುತ್ತದೆ, ಅವಳು ಈ ದಿನ ನೀರಿಗೆ ಕಾಲಿಡುವುದಿಲ್ಲ, ಮುಳ್ಳುತಂತಿ ಬರುತ್ತದೆ. ಹೇಳದಿದ್ದರೆ ಸಾಹೇಬರು... ಅದೂ ಅಲ್ಲದೆ ನಾನು ಅವತ್ತಿನವರೆಗೆ ಯಾವ ಸಾಹೇಬರ ಎದುರೂ ಬಾಯಿ ಬಿಟ್ಟವಳಲ್ಲ. "ಸಾ..." ಅಂದೆ. "ಸಾ, ಸಾ..." ನನಗೇ ಕೇಳಿಸಲಿಲ್ಲ. ಮೆಟ್ಟಿಲಿನ ಮೇಲಿದ್ದ ಹನ್ನೊಂದು ಹುಡುಗಿಯರು ಹನ್ನೊಂದು ಬಾಯಿಗಳನ್ನು ಕೈಯಿಂದ ಮುಚ್ಚಿಕೊಂಡರು. ಆಣೆ ಹಾಕಿದ್ದರಲ್ಲ, ಪಾಪ.

ಸಾಹೇಬರು ನಮ್ಮ ಕಡೆ ತಿರುಗಿ, ಎರಡು ಕೈಯನ್ನೂ ಮೇಲೆತ್ತಿ, "ನೋಡಿ, ಕೈ ಆಡಿಸೋದಿಲ್ಲ" ಅಂದರು. ಬಗ್ಗಿದ ಹಾಗೇ ಮೂರನೇ ಮೆಟ್ಟಿಲಿಗೆ ಸರಿದು, ಅಲ್ಲಿಂದ ಹಿಂದಕ್ಕೆ ಹೆಜ್ಜೆ ಇಟ್ಟರು.

ಗುಳುಂ.

ಮೊದಲು ಮುಖ ಹೋಯಿತು, ಆಮೇಲೆ ಎತ್ತಿದ ಎರಡು ಕೈಗಳೂ ಹೋದವು. ನೀರಿನ ಮೇಲೆ ಗುಳ್ಳೆಗಳು ಬಂದವು.

ನಾನು ಯಾವಾಗ ಹಾರಿದೆನೋ ಗೊತ್ತಿಲ್ಲ. ಮುಳುಗುವವರನ್ನು ಹಿಂದಿನಿಂದ ಜುಟ್ಟು ಹಿಡಿದು ಎಳೆಯಬೇಕು, ಮುಂದಿನಿಂದ ಹೋದರೆ ನಮ್ಮನ್ನೇ ತಬ್ಬಿ ಮುಳುಗಿಸುತ್ತಾರೆ. ರಶ್ಮಿ, ಇದನ್ನು ಮರೆಯಬೇಡ. ಹಿಂದಿನಿಂದಲೇ ಹೋದೆ. ಜುಟ್ಟಿಗೆ ಕೈ ಹಾಕಿದೆ. ಜುಟ್ಟು ಎಲ್ಲಿದೆ! ಕೈ ಕುಂಬಳಕಾಯಿಯ ಮೇಲೆ ಜಾರಿದ ಹಾಗೆ ಜಾರಿತು. ಇನ್ನೊಮ್ಮೆ ಹಾಕಿದೆ, ಇನ್ನೊಮ್ಮೆ ಜಾರಿತು. ಕೊನೆಗೆ ಬೆನ್ನ ಮೇಲೆ ಬುರುಡೆಯ ಹಗ್ಗ ಸಿಕ್ಕಿತು. ಅದನ್ನು ಹಿಡಿದು ಮೇಲಕ್ಕೆ ಎತ್ತಿದೆ. ತಲೆ ಬಂತು, ಉಸಿರು ಬಂತು, ಜೊತೆಗೆ ಒಂದು ಸಣ್ಣ ಮೀನೂ ಬಾಯಿಂದ ಬಂತು ಅಂತ ಹುಡುಗಿಯರು ಇವತ್ತಿಗೂ ಹೇಳುತ್ತಾರೆ. ಅದು ಮಾತ್ರ ನಾನು ನೋಡಲಿಲ್ಲ.

ಆದರೆ ಅಷ್ಟು ಭಾರದ ಆಳನ್ನು ಒಂದು ಕೈಯಲ್ಲಿ ಹಿಡಿದು ಸೆಳವಿಗೆ ಎದುರಾಗಿ ದಡಕ್ಕೆ ಬರಲು ನನ್ನಿಂದ ಆಗಲಿಲ್ಲ. ನಾವಿಬ್ಬರೂ ನಿಧಾನವಾಗಿ ಕೆಳಕ್ಕೆ ಜಾರುತ್ತಿದ್ದೆವು. ನಾನು ತಿರುಗಿ ನೋಡಿದೆ. ನಿಮ್ಮ ತಾತ ಬಿದಿರು ಮೆಳೆಯ ಹತ್ತಿರ ನಿಂತಿದ್ದರು.

"ಹಗ್ಗ!" ಅಂತ ಕಿರುಚಿದೆ. ನನ್ನ ಬಾಯಿಂದ ಅಷ್ಟು ದೊಡ್ಡ ಸದ್ದು ಬಂದದ್ದು ಅದೇ ಮೊದಲು.

ಅವರು ಎಸೆದರು. ಎಂಥ ಎಸೆತ! ಇಡೀ ಸುರುಳಿ ಗಾಳಿಯಲ್ಲಿ ಬಿಚ್ಚಿಕೊಂಡು ಬಂತು. ಈ ತುದಿ ನನ್ನ ಹತ್ತಿರ ಬಿತ್ತು. ಆ ತುದಿಯೂ ನೀರಿಗೇ ಬಿತ್ತು. ಒಂದು ತುದಿ ಕೈಯಲ್ಲಿ ಹಿಡಿದಿರಬೇಕು ಅನ್ನುವುದು ಅವರಿಗೆ ಹೊಳೆದಿರಲಿಲ್ಲ. ನಾನು ಈ ತುದಿಯನ್ನು ಹಿಡಿದುಕೊಂಡೆ. ಆ ತುದಿ ಹಾವಿನ ಹಾಗೆ ತೇಲಿಕೊಂಡು ನಡುನೀರಿನ ಕಡೆ ಹೊರಟಿತು.

ಆಗ ಮೆಟ್ಟಿಲಿನಿಂದ ಏನೋ ಧೊಪ್ ಅಂತ ಬಿತ್ತು. ಮುತ್ತವ್ವ! ನಾಲ್ಕು ಬೀಸಿಗೆ ಹಗ್ಗದ ತುದಿಯನ್ನು ಮುಟ್ಟಿದಳು, ಹಲ್ಲಿನಲ್ಲಿ ಕಚ್ಚಿಕೊಂಡಳು, ತಿರುಗಿದಳು, ದಡದ ಕಡೆ ನೀರು ಸೀಳಿಕೊಂಡು ಹೋದಳು. ಹನ್ನೊಂದು ಹುಡುಗಿಯರು, ಪೂವಮ್ಮ ಟೀಚರ್, ನಿಮ್ಮ ತಾತ, ಜೀಪಿನ ಡ್ರೈವರ್ ಎಲ್ಲರೂ ಸೇರಿ ಹಗ್ಗ ಎಳೆದರು. ತೇರು ಎಳೆದರೂ ಅಷ್ಟು ಗಲಾಟೆ ಆಗುವುದಿಲ್ಲ. ಸಾಹೇಬರನ್ನೂ ನನ್ನನ್ನೂ ಮೆಟ್ಟಿಲಿಗೆ ತಂದು ಹಾಕಿದರು.

ಮುತ್ತವ್ವ ಆಗ ತನ್ನ ಬೆನ್ನು ಮುಟ್ಟಿ ನೋಡಿಕೊಂಡಳು.

"ಅಕ್ಕಾ! ಬುರುಡೆ ಇಲ್ಲ!" ಅಂತ ಒಣ ನೆಲದ ಮೇಲೆ ನಿಂತು ಚೀರಿದಳು. "ಮುಳುಗ್ತೀನಿ! ಹಿಡ್ಕೊಳ್ಳಿ!"

ಇಬ್ಬರು ಹುಡುಗಿಯರು ನಿಜವಾಗಿಯೂ ಅವಳನ್ನು ಹಿಡಿದುಕೊಂಡರು. ಅಷ್ಟರಲ್ಲಿ ಡ್ರೈವರ್ ಸಾಹೇಬರ ಎದೆಯ ಕಟ್ಟು ಬಿಚ್ಚಿದ. ಬುರುಡೆ ಮೆಟ್ಟಿಲಿನ ಮೇಲೆ ಬಿದ್ದು, ಒಡೆದು, ಒಂದು ಬಿಂದಿಗೆಯಷ್ಟು ನೀರು ಬಳಬಳ ಅಂತ ಹರಿಯಿತು. ಸಾಹೇಬರು ನೋಡಿದರು. ಟೀಚರ್ ನೋಡಿದರು. ಮುತ್ತವ್ವ ನೋಡಿದಳು.

"ಇದರೊಳಗೆ ನೀರಿದೆ" ಅಂದಳು ಮುತ್ತವ್ವ.

ನಾನು ಸೆರಗು ಹಿಂಡಿದೆ.

"ಯಾವಾಗಿನಿಂದ ಅಕ್ಕ?"

"ಹದಿನೈದು ದಿನ ಆಯ್ತು."

ಅವಳ ಮುಖ ಹೇಗೆ ಹೇಗೋ ಆಯಿತು. ಲೆಕ್ಕ ಹಾಕುತ್ತಿದ್ದಳು. ಹದಿನೈದು ದಿನ ದಿನಕ್ಕೆರಡು ಸಲ ಆನೆಬಂಡೆ ಮುಟ್ಟಿ ಬಂದಿದ್ದಳು.

"ಮೋಸ!" ಅಂತ ಕೂಗಿ ನನ್ನ ಬೆನ್ನಿಗೆ ಒದ್ದೆ ಮುಷ್ಟಿಗಳಿಂದ ಗುದ್ದಿದಳು. "ಅಕ್ಕಾ, ಮೋಸ ಮಾಡಿದ್ರಿ! ಮೋಸ! ಮೋಸ!" ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಗುದ್ದಿ ಸಾಕಾಗಿ, ಓಡಿಹೋಗಿ ಹೊಳೆಗೆ ಹಾರಿದಳು. ಆನೆಬಂಡೆಗೆ ಹೋಗಿ ಬಂದಳು. ಇನ್ನೊಮ್ಮೆ ಹೋದಳು, ಬಂದಳು. ಕರೆದರೂ ಮೇಲೆ ಬರಲಿಲ್ಲ. ಅವಳನ್ನು ನೋಡಿ ಉಳಿದ ಹನ್ನೊಂದು ಮಂದಿಯೂ ಹಾರಿದರು. ಹೊಳೆ ತುಂಬ ತಲೆಗಳು, ಕೇಕೆ. ಪೂವಮ್ಮ ಟೀಚರ್ ಬಿಸಿಲಿನಲ್ಲಿ ಕೊಡೆ ತಲೆಕೆಳಗಾಗಿ ಹಿಡಿದುಕೊಂಡು ನಿಂತದ್ದನ್ನು ನಾನು ನೋಡಿದ್ದು ಅವತ್ತು ಒಂದೇ ಸಲ.

ಸಾಹೇಬರು ಅಡುಗೆಮನೆಯ ಕಂಬಳಿ ಹೊದ್ದು, ಬಿಸಿ ಕಾಫಿ ಕುಡಿದು, ಪಟ್ಟಿಯಲ್ಲಿ ಹನ್ನೆರಡನೆಯ ಗುರುತು ಹಾಕಿದರು. ಅವರು ಬರೆದ ವರದಿಯ ನಕಲು ಮುಂದೆ ಟೀಚರ್ ನನಗೆ ಓದಿ ಹೇಳಿದರು. "ಬಾಲಕಿಯರು ಬುರುಡೆಯ ಸಹಾಯವಿಲ್ಲದೆ ಈಜುವುದನ್ನು ಅತ್ಯಂತ ಸಮೀಪದಿಂದ ಪರಿಶೀಲಿಸಲಾಯಿತು. ತೃಪ್ತಿಕರ. ಮುಂದುವರಿಸಬಹುದು." ಮುಳ್ಳುತಂತಿಯ ಮಾತು ಬರಲೇ ಇಲ್ಲ. ಹೊರಡುವಾಗ ಜೀಪಿನಿಂದ ಬಗ್ಗಿ ನನ್ನನ್ನು ಕೇಳಿದರು, "ನನ್ನ ವಯಸ್ಸಿನವರಿಗೂ ಕಲಿಸ್ತೀರೇನಮ್ಮ?" ನಾನು ತಲೆ ತಗ್ಗಿಸಿ ಹೂಂ ಅಂದೆ. ಮುಂದಿನ ಬೇಸಿಗೆ ನಿಜವಾಗಿ ಬಂದರು. ಅವರಿಗೆ ಎರಡು ಬುರುಡೆ ಬೇಕಾದವು. ಕಟ್ಟುವ ಮೊದಲು ಎರಡನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು.

ಅವತ್ತು ಎಲ್ಲ ಮುಗಿದು ಮನೆಗೆ ಹೋಗುವಾಗ ನಿಮ್ಮ ತಾತ ಹಗ್ಗ ಸುತ್ತುತ್ತ ನನ್ನ ಹಿಂದೆ ಹಿಂದೆ ಬರುತ್ತಿದ್ದರು.

"ನೀವ್ಯಾಕ್ರೀ ಧುಮುಕಲಿಲ್ಲ?" ಅಂದೆ.

ಅವರು ಹಗ್ಗವನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಿದರು.

"ನನಗೆ ಈಜು ಬರಲ್ಲ ಕಣೆ."

"ಕೆರೆ ಮೂರು ಸಲ ದಾಟ್ತಿದ್ದೆ ಅಂದ್ರಲ್ಲ!"

"ದಾಟ್ತಿದ್ದೆ. ಈಜ್ತಿದ್ದದ್ದು ಎಮ್ಮೆ. ನಾನು ಮೇಲೆ ಕೂತಿರ್ತಿದ್ದೆ."

ನಾನು ಎರಡು ದಿನ ಮಾತಾಡಲಿಲ್ಲ. ಸಾರಿಗೆ ಉಪ್ಪು ಹಾಕಲಿಲ್ಲ. ಇಷ್ಟು ದಿನ ಈ ಮನುಷ್ಯನನ್ನು ನಂಬಿ ಮಕ್ಕಳನ್ನು ಮಡುವಿಗೆ ಇಳಿಸಿದೆನಲ್ಲ! ಮೂರನೇ ದಿನ ಅವರೇ ಉಪ್ಪಿನ ಮರಿಗೆ ತಂದು ನನ್ನ ಮುಂದೆ ಇಟ್ಟರು. "ಬರಲ್ಲ ಅಂದಿದ್ರೆ ನೀನು ಇಳೀತಿದ್ದೆಯಾ?" ಅಂದರು. ನಾನು ಸಾರಿಗೆ ಉಪ್ಪು ಹಾಕಿದೆ.

ಆಮೇಲೆ ಕೊಡಗು ಮೈಸೂರಿಗೆ ಸೇರಿತು, ಸಾಹೇಬರುಗಳು ದೂರದಿಂದ ಬರತೊಡಗಿದರು, ಬುರುಡೆ ಹೋಗಿ ಟೈರಿನ ಟ್ಯೂಬು ಬಂತು, ಟ್ಯೂಬು ಹೋಗಿ ಥರ್ಮೋಕೋಲ್ ಹಲಗೆ ಬಂತು. ಟ್ಯೂಬಿನ ಗಾಳಿಯನ್ನೂ ನಾನು ದಿನಾ ಒಂದಿಷ್ಟು ಬಿಡುತ್ತಿದ್ದೆ. ಎಷ್ಟು ಮಕ್ಕಳು ಈಜಿದರೋ ಲೆಕ್ಕ ಇಟ್ಟಿಲ್ಲ. ನಿಮ್ಮ ತಾತನಿಗೆ ಮಾತ್ರ ನನ್ನಿಂದ ಕಲಿಸಲಾಗಲಿಲ್ಲ. ಜನ್ಮವಿಡೀ ಎರಡನೇ ಮೆಟ್ಟಿಲು ದಾಟಲಿಲ್ಲ. ಒಂದು ದಿನ ಕಿವಿನೋವು, ಒಂದು ದಿನ ಚಳಿ, ಒಂದು ದಿನ ದಾಸವಾಳಕ್ಕೆ ಗೊಬ್ಬರ ಹಾಕಬೇಕು. ಆದರೆ ನಾನು ನಿವೃತ್ತಿಯಾಗುವವರೆಗೆ ದಿನವೂ ಹಗ್ಗ ಹೆಗಲಿಗೆ ಹಾಕಿಕೊಂಡು ಬಿದಿರು ಮೆಳೆಯ ಹತ್ತಿರ ನಿಂತರು. ಈಜು ಬರುವುದಿಲ್ಲ ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ಅವರಿಗೂ ಗೊತ್ತು. ಆದರೂ ಮಡುವಿನ ಮಧ್ಯೆ ನಾನು ತಿರುಗಿ ನೋಡುವುದು ಬಿಡಲಿಲ್ಲ, ಅವರು ಕತ್ತು ಆಡಿಸುವುದು ಬಿಡಲಿಲ್ಲ.

ಅವರು ಹೋದ ಮೇಲೆ ನಾನು ಹೊಳೆಗೆ ಇಳಿದಿರಲಿಲ್ಲ. ವಯಸ್ಸಾಯಿತು ಅಂತ ನಿಮಗೆಲ್ಲ ಹೇಳುತ್ತಿದ್ದೆ. ವಯಸ್ಸಲ್ಲ. ಬೆನ್ನು ಬರಿದಾದ ಮುತ್ತವ್ವನ ಹಾಗೆ ಮೆಟ್ಟಿಲಿನ ಮೇಲೇ ನಿಂತು ವಾಪಸು ಬರುತ್ತಿದ್ದೆ.

ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟವಳು ಇವತ್ತು ಬೆಳಿಗ್ಗೆ ಹಳೆಯ ಮೆಟ್ಟಿಲಿಗೆ ಹೋಗಿದ್ದೆ. ಬೈಯಬೇಡಿ. ಹಗ್ಗವನ್ನೂ ತೆಗೆದುಕೊಂಡು ಹೋಗಿದ್ದೆ. ಅದನ್ನು ಬಿದಿರಿಗೆ ನೇತುಹಾಕಿ, ಸೀರೆಗೆ ಕಚ್ಚೆ ಹಾಕಿ ಇಳಿದೆ. ಮಡುವಿನ ಮಧ್ಯೆ ಅಭ್ಯಾಸಬಲದಿಂದ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಕೈ ನಿಲ್ಲಲಿಲ್ಲ, ಕಾಲೂ ನಿಲ್ಲಲಿಲ್ಲ. ಆನೆಬಂಡೆ ಕೈಗೆ ತಗುಲಿತು.

ಬಂಡೆಯ ಮೇಲೆ ಹತ್ತಿ ಕೂತು, ಉಸಿರು ಬಂದ ಮೇಲೆ, ದಡದಲ್ಲಿ ನಿಮ್ಮ ತಾತ ನಿಲ್ಲುತ್ತಿದ್ದ ಕಡೆ ನೋಡಿ ಪೂವಮ್ಮ ಟೀಚರ್ ಗಂಟಲಿನಲ್ಲಿ ಕೂಗಿದೆ: "ಮೋಸ! ಮೋಸ ಮಾಡಿದ್ರಿ!" ನೀರಕ್ಕಿಯೊಂದು ಹೆದರಿ ಹಾರಿಹೋಯಿತು. ನಗು ತಡೆಯಲಾರದೆ ಬಂಡೆಯಿಂದ ಜಾರುವುದರಲ್ಲಿದ್ದೆ.

ಹಗ್ಗ ಬಿದಿರಿನ ಮೇಲೆ ತೂಗುತ್ತಿತ್ತು. ಈ ಸಲ ಎರಡೂ ತುದಿ ದಡದಲ್ಲೇ ಇದ್ದವು.